ಸೊನ್ನೆಗೆ ಜೋಡಿಯಿಲ್ಲ

ಐನ್ ಹಲ್ಫಾ, ಅಲ್ಜೀರಿಯಾ
29 ಜೂನ್ 1976

ಉಸ್ತಾದ್ ಬಿಶ್ರಿ ಅಬ್ದೆಲಾಲ್ ಅವರಿಗೆ, ನಿಮ್ಮ ವಿದ್ಯಾರ್ಥಿನಿ ಖೈರಾ ಬೆಂಸಹ್ಲಾ ಮಾಡುವ ಸಲಾಮು.

ಮೊದಲು ಸುದ್ದಿ, ಆಮೇಲೆ ಕುಶಲ. ಶಾಲೆಯ ಕೊನೆಯ ಬ್ಯಾಕ್ ಪರೀಕ್ಷೆ ಮುಗಿಯಿತು. ಗಣಿತದ ಮೂರನೇ ಪ್ರಶ್ನೆ ನಿಮ್ಮದೇ ಪ್ರಶ್ನೆ. ಓದಿದ ಕೂಡಲೇ ಹಿಂದಿನ ಬೆಂಚಿನಿಂದ ಮಿಲೂದ್ ಕೆಮ್ಮಿದ. ಯಾಕೆ ಕೆಮ್ಮಿದ ಎಂದು ನಮ್ಮ ಹತ್ತೊಂಬತ್ತು ಜನಕ್ಕೂ ಗೊತ್ತಾಯಿತು. ಗೊತ್ತಾಗದಿದ್ದದ್ದು ಕಾವಲಿದ್ದ ಮೇಷ್ಟ್ರಿಗೆ ಮಾತ್ರ. ಅವರು ಕಿಟಕಿ ತೆಗೆಸಿದರು.

ಪ್ರಶ್ನೆ ಹೀಗಿತ್ತು, ಫ್ರೆಂಚ್ ವಿಭಾಗದವರ x, y ಜಾಗದಲ್ಲಿ ನಮ್ಮ ಅರಬ್ಬಿ ಅಕ್ಷರ: 'ಸೀನ್ × ಸಾದ್ = 1. ವಾಸ್ತವ ಸಂಖ್ಯೆಗಳ ಗಣದಿಂದ ಅದೇ ಗಣಕ್ಕೆ ಈ ಸಮೀಕರಣ ಫಲನವನ್ನು ಸೂಚಿಸುತ್ತದೆಯೇ? ಸೂಚಿಸಿದರೆ ಅದರ ಕ್ಷೇತ್ರ ಹೇಳಿ, ನಕ್ಷೆ ಬರೆಯಿರಿ.'

ಜನವರಿಯ ಆ ದಿನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಹೊರಗೆ ಹಿಮ, ಒಳಗೆ ಒಲೆ ಹೊಗೆ ಕಾರುತ್ತಿತ್ತು. ನೀವು ಊರಿಂದ ತಂದ ಆ ಉದ್ದ ಕೋಲನ್ನು ಹಲಗೆಯ ಮೇಲೆ ನೆಟ್ಟಗೆ ಹಿಡಿದು, ನಕ್ಷೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿಕೊಂಡು ಹೋದಿರಿ. 'ಸೀನ್ ಬಂದು ಬಾಗಿಲು ತಟ್ಟಿದ್ರೆ ಒಳಗಿಂದ ಒಬ್ಬನೇ ಸಾದ್ ಬಂದು ತೆಗೀಬೇಕು ಕಣ್ರೋ. ಇಬ್ಬರು ಬಂದ್ರೆ ಅದು ಮನೆಯಲ್ಲ, ಸಂತೆ. ಯಾರೂ ಬರದಿದ್ರೆ ಅದು ಮನೆಯಲ್ಲ, ಗೋರಿ. ಎರಡೂ ಫಲನ ಅಲ್ಲ.' ಕೋಲು ಸೊನ್ನೆಯ ಮೇಲೆ ಬಂತು. ಎಲ್ಲೂ ತಾಗಲಿಲ್ಲ. 'ನೋಡಿ, ಗೋರಿ' ಎಂದಿರಿ.

ನಾನು ಬರೆದದ್ದು ಮೂರೇ ಸಾಲು. 'ಫಲನವಲ್ಲ. ಸೀನ್ ಸೊನ್ನೆಯಾದಾಗ ಸಾದ್ ಇಲ್ಲ. ಸೊನ್ನೆಗೆ ಜೋಡಿಯಿಲ್ಲ.' ನೀವು ಹೇಳಿಕೊಟ್ಟ ಹಾಗೆ ಕೆಳಗೆ ಎರಡು ಗೆರೆ. ಫಲನವೇ ಅಲ್ಲ ಎಂದ ಮೇಲೆ ಕ್ಷೇತ್ರವೆಲ್ಲಿ, ನಕ್ಷೆಯೆಲ್ಲಿ? ಉಳಿದ ಹೊತ್ತೆಲ್ಲ ಬೇರೆ ಪ್ರಶ್ನೆಗಳಿಗೆ ಸಿಕ್ಕಿತು. ಹೊರಗೆ ಬಂದು ಕೇಳಿದರೆ ಎಲ್ಲರದೂ ಅದೇ ಮೂರು ಸಾಲು, ಅದೇ ಎರಡು ಗೆರೆ. ನಕ್ಕು ನಕ್ಕು ಸಾಕಾಯಿತು.

ಅಪ್ಪನ ಷರತ್ತು ನಿಮಗೆ ಗೊತ್ತಲ್ಲ. 'ಒಂದು ಸಲ ಬರಿ. ಪಾಸಾದ್ರೆ ವಹ್ರಾನ್ ಪಟ್ಟಣದ ಟೀಚರ್ ಟ್ರೈನಿಂಗ್ ಶಾಲೆಗೆ ನಾನೇ ಬಿಟ್ಟು ಬರ್ತೀನಿ, ಯಾವನು ಏನಂತಾನೋ ನೋಡ್ತೀನಿ. ಇಲ್ಲಾಂದ್ರೆ ಹುಲ್ಲಿನ ಅಂಗಳ ಇದೆ, ನಿನ್ನಮ್ಮ ಇದಾಳೆ.' ಅಮ್ಮ ಇಪ್ಪತ್ತು ವರ್ಷದಿಂದ ಆ ಅಂಗಳದಲ್ಲಿ ಹಲ್ಫಾ ಹುಲ್ಲಿನ ಮೂಟೆ ಕಟ್ಟುತ್ತಿದ್ದಾಳೆ. ಅವಳ ಬೆರಳು ಈಗ ನೆಟ್ಟಗಾಗುವುದಿಲ್ಲ.

ನಿಮ್ಮ ಕೋಲು ತರಗತಿಯ ಮೂಲೆಯಲ್ಲೇ ಉಳಿದಿದೆ. ಮುಂದಿನ ವರ್ಷ ಬರುತ್ತೀರಿ ತಾನೇ?

ಖೈರಾ


ಗಿರ್ಗಾ, ಈಜಿಪ್ಟ್
20 ಜುಲೈ 1976

ಮಗಳೇ ಖೈರಾ,

ನಿನ್ನ ಪತ್ರವನ್ನು ನಮ್ಮ ಓಣಿಯ ಅರ್ಧ ಜನಕ್ಕೆ ಓದಿ ಹೇಳಿದೆ. ಉಳಿದರ್ಧ ಅವರಾಗಿಯೇ ಬಂದು ಕೇಳಿಸಿಕೊಂಡರು. 'ಹತ್ತೊಂಬತ್ತು ಜನ, ಒಂದೇ ಉತ್ತರ, ಅಕ್ಷರ ತಪ್ಪಿಲ್ಲ. ಇದನ್ನ ಮೇಷ್ಟ್ರಗಿರಿ ಅಂತಾರೆ' ಎಂದೆ. ನನ್ನ ಭಾವ, ಧಾನ್ಯದ ವ್ಯಾಪಾರಿ, 'ಹತ್ತೊಂಬತ್ತು ಗಿಳಿ ಸಾಕಿದ್ದೆ ಅನ್ನು' ಎಂದ. ಆ ಮನುಷ್ಯನಿಗೆ ತಕ್ಕಡಿ ಬಿಟ್ಟು ಇನ್ನೇನೂ ಗೊತ್ತಿಲ್ಲ.

ನಿಮ್ಮೂರಿಗೆ ಬಂದ ಮೊದಲ ದಿನ ನೀವೆಲ್ಲ ನಕ್ಕದ್ದು ನನಗೆ ಮರೆತಿಲ್ಲ. 'ಉಸ್ತಾದರು ಈಜಿಪ್ಟ್ ಸಿನಿಮಾದವರ ಹಾಗೆ ಮಾತಾಡ್ತಾರೆ.' ನಾನು ಮುಲೂಖಿಯಾ ಸೊಪ್ಪಿನ ಸಾರು ಮಾಡಿ ಕೊಟ್ಟರೆ ನಿಮ್ಮ ಸಿ ಲಖ್ದರ್, ಆಫೀಸಿನವನು, 'ಇದನ್ನ ತಿನ್ನೋದಾ, ಗೋಡೆಗೆ ಬಳಿಯೋದಾ?' ಎಂದ. ನಕ್ಕವರ ಮಕ್ಕಳೇ ಈಗ ನನ್ನ ಪಾಠದಿಂದ ಪಾಸಾಗುತ್ತಾರೆ. ದೇವರು ದೊಡ್ಡವನು.

ಮುಂದಿನ ವರ್ಷದ ಮಾತು ಇನ್ನೂ ಗಟ್ಟಿಯಿಲ್ಲ. ಇನ್ನೊಂದು ಸಣ್ಣ ಕೆಲಸ. ಶಿಕ್ಷಕರ ಕೋಣೆಯಲ್ಲಿ ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಏನೋ ಹಳೇ ಕಾಗದಗಳಿವೆ. ಕೀಲಿ ಕಸ ಹೊಡೆಯುವ ಹಜ್ಜಾ ಹತ್ತಿರ ಇದೆ. ಕೆಲಸಕ್ಕೆ ಬಾರದವು. ನೋಡುವುದೇನೂ ಬೇಡ, ಒಲೆಗೆ ಹಾಕಿಬಿಡು.

ಫಲಿತಾಂಶ ಬಂದ ದಿನವೇ ಬರೆ.

ನಿನ್ನ ಉಸ್ತಾದ್
ಬಿಶ್ರಿ


ಐನ್ ಹಲ್ಫಾ
24 ಜುಲೈ 1976

ಉಸ್ತಾದರೇ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಕಾಯಲು ಹೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆಯ ಗೇಟಿಗೆ ಪಟ್ಟಿ ಅಂಟಿಸಿದರು. ಫ್ರೆಂಚ್ ವಿಭಾಗದ ಹನ್ನೆರಡು ಹೆಸರಿವೆ. ನಮ್ಮ ಅರಬ್ಬಿ ವಿಭಾಗದ್ದು ಒಂದೂ ಇಲ್ಲ. ಫೇಲೂ ಅಲ್ಲ, ಪಾಸೂ ಅಲ್ಲ. ಕೆಳಗೆ ಒಂದು ಸಾಲು: ತಡೆಹಿಡಿಯಲಾಗಿದೆ, ಸಾಮೂಹಿಕ ನಕಲಿನ ಸಂಶಯ.

ಸಿ ಲಖ್ದರ್ ನಮ್ಮನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ. ವಹ್ರಾನ್‌ನಿಂದ ಇನ್‌ಸ್ಪೆಕ್ಟರ್ ಬಂದಿದ್ದರು. ಕುರ್ಚಿ ಹಾಕಿಸಿಕೊಂಡು ನೆರಳಲ್ಲಿ ಕೂತರು. ನಾವು ಬಿಸಿಲಲ್ಲಿ.

'ಸರಿ ಉತ್ತರ ಹತ್ತೊಂಬತ್ತು ತಲೆಗೆ ಒಟ್ಟಿಗೆ ಹೊಳೀಬಹುದು. ಒಂದೇ ತಪ್ಪು, ಅದೇ ಪದ, ಅದೇ ಎರಡು ಗೆರೆ ಹ್ಯಾಗೆ ಹೊಳೀತು? ಕೆಮ್ಮಿದವನು ಯಾರು?' ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಮಿಲೂದ್ ಮುಂದೆ ಬಂದ. 'ನಾನೇ. ಖುಷಿಗೆ ಕೆಮ್ಮಿದೆ.'

'ಖುಷಿಗೆ ಜನ ನಗ್ತಾರೆ ಕಣೋ. ಕೆಮ್ಮೋದು ಕಳ್ಳರು.'

ನಾನೂ ಮುಂದೆ ಬಂದೆ. ಯಾವುದು ತಪ್ಪು ಎಂದು ಕೇಳಿದೆ. ಅವರು ನನ್ನ ಕಡೆ ನೋಡದೆ ಹೇಳಿದರು. ಇಲ್ಲಿಯ ಲೆಕ್ಕದಲ್ಲಿ ಪ್ರತಿ ಸೀನ್‌ಗೆ ಹೆಚ್ಚೆಂದರೆ ಒಂದು ಸಾದ್ ಇದ್ದರೆ ಸಾಕು, ಅದು ಫಲನ. ಒಂದೂ ಇಲ್ಲದ ಸೀನ್ ಬಂದರೆ ಅದನ್ನು ಕ್ಷೇತ್ರದಿಂದ ತೆಗೆದುಹಾಕಿದರಾಯಿತು. ಎಲ್ಲ ಸೀನ್‌ಗೂ ಒಂದೊಂದು ಸಾದ್ ಇರಲೇಬೇಕು ಎಂಬುದಕ್ಕೆ ಇವರಲ್ಲಿ ಬೇರೆ ಹೆಸರಿದೆಯಂತೆ. ಫ್ರೆಂಚರು ಬಿಟ್ಟುಹೋದ ಪದ್ಧತಿ. ಸಮೀಕರಣ ಫಲನವೇ, ಸೊನ್ನೆಯನ್ನು ಹೊರಗಿಟ್ಟು ನಕ್ಷೆ ಬರೆಯಬೇಕಿತ್ತು.

'ನಮಗೆ ಉಸ್ತಾದರು ಹೇಳಿಕೊಟ್ಟದ್ದು ಬೇರೆ' ಎಂದೆ. ನೋಟ್‌ಬುಕ್ ತೋರಿಸಿದೆ. 'ನೋಟ್‌ಬುಕ್ಕು ನಿನ್ನೆ ಸಂಜೆಯೂ ಬರೀಬಹುದು. ನಿಮ್ಮ ಮೇಷ್ಟ್ರು ಹೇಳಲಿ' ಎಂದರು.

ಉಸ್ತಾದರೇ, ಕೇಳುತ್ತಿರುವುದು ಇಷ್ಟೇ. ಒಂದು ಸಾಲು: 'ನಾನು ಇವರಿಗೆ ಹೀಗೆಯೇ ಕಲಿಸಿದೆ.' ಕೆಳಗೆ ಸಹಿ. ಅಕ್ಟೋಬರ್ 9ಕ್ಕೆ ವಹ್ರಾನ್‌ನಲ್ಲಿ ಸಮಿತಿ ಕೂರುತ್ತದೆ. ನಕಲು ಎಂದು ತೀರ್ಮಾನವಾದರೆ ಎರಡು ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ. ಅಪ್ಪನಿಗೆ ಇನ್ನೂ ಪೂರ್ತಿ ಹೇಳಿಲ್ಲ. ಪಟ್ಟಿ ತಡ ಎಂದಿದ್ದೇನೆ.

ಖೈರಾ


ಗಿರ್ಗಾ
15 ಆಗಸ್ಟ್ 1976

ಮಗಳೇ ಖೈರಾ,

ನಿನ್ನ ಪತ್ರ ಓದಿ ರಕ್ತ ಕುದಿಯಿತು. ತಪ್ಪು ಯಾರದು? ಗಣ ಎಂದರೆ ಗಣ. ಅದರಲ್ಲಿರುವ ಪ್ರತಿಯೊಬ್ಬನಿಗೂ ಜೋಡಿ ಇರಬೇಕು, ಒಂದೇ ಇರಬೇಕು. ನಮ್ಮ ಸರ್ಕಾರಿ ಪುಸ್ತಕದ ಪುಟವನ್ನು ಕೈಯಾರೆ ನಕಲು ಮಾಡಿ ಇಟ್ಟಿದ್ದೇನೆ. ಆ ಇನ್‌ಸ್ಪೆಕ್ಟರಿಗೆ ಓದಿ ಹೇಳು. ಅರಬ್ಬಿ ಓದಲು ಬರುತ್ತದೋ ಇಲ್ಲವೋ ಆತನಿಗೆ.

ನೀನು ಕೇಳಿದ ಹೇಳಿಕೆಯ ವಿಷಯ. ಅದು ನೀನು ತಿಳಿದಷ್ಟು ಸುಲಭವಲ್ಲ. ಒಂದು ದೇಶದ ಮೇಷ್ಟ್ರು ಇನ್ನೊಂದು ದೇಶದ ಸಮಿತಿಗೆ ಬರೆಯಬೇಕಾದರೆ ಇಲಾಖೆಯ ಮೂಲಕ ಹೋಗಬೇಕು, ಮುದ್ರೆ ಬೀಳಬೇಕು. ರಂಜಾನ್ ಬೇರೆ ಹತ್ತಿರ ಬಂತು, ಕಚೇರಿಗಳಲ್ಲಿ ನೊಣ ಕೂಡ ಹಾರುವುದಿಲ್ಲ. ವಿಚಾರಿಸುತ್ತಿದ್ದೇನೆ. ತಾಳ್ಮೆ ಇರಲಿ.

ಕುವೈತಿನ ಶಾಲೆಗಳಿಗೆ ಅರ್ಜಿ ಹಾಕಿದ್ದೇನೆ. ಅಲ್ಲಿಗೆ ನಿಮ್ಮ ಶಾಲೆಯಿಂದ ನನ್ನ ಸೇವಾ ಪ್ರಮಾಣಪತ್ರ ಬೇಕು, 'ಯಾವ ದೂರೂ ಇಲ್ಲ' ಎಂಬ ಒಕ್ಕಣೆಯ ಸಮೇತ. ಸಿ ಲಖ್ದರ್‌ಗೆ ಒಂದು ಮಾತು ನೆನಪಿಸು ತಾಯಿ. ನೀನು ಹೇಳಿದರೆ ಕೇಳುತ್ತಾನೆ.

ಆ ಡ್ರಾಯರಿನ ಕಾಗದ ಸುಟ್ಟೆಯಾ?

ಬಿಶ್ರಿ


ಐನ್ ಹಲ್ಫಾ
4 ಸೆಪ್ಟೆಂಬರ್ 1976

ಉಸ್ತಾದರೇ,

ಪ್ರಮಾಣಪತ್ರದ ವಿಷಯ ಲಖ್ದರ್‌ಗೆ ಹೇಳಿದೆ. ಎರಡು ಸಲ ಹೇಳಿದೆ. 'ಮೇಷ್ಟ್ರಿಗೆ ಕುವೈತು, ನಿಮಗೆ ಮಣ್ಣು. ಹುಡುಗಿ, ನೀನು ಅವರಿಗೆ ಕತ್ತೆ ಚಾಕರಿ ಮಾಡ್ತಿದೀಯ' ಎಂದು ನಕ್ಕ. ಆದರೂ ಟೈಪು ಮಾಡಲು ಕೊಟ್ಟ.

ನಕಲು ಮಾಡಿದ ನಿಮ್ಮ ಪುಟ ಬಂತು. ಚೆಂದದ ಅಕ್ಷರ. ಸಹಿ ಇಲ್ಲ.

ಡ್ರಾಯರಿನ ಕಾಗದ ಸುಟ್ಟಿಲ್ಲ. ಸುಡಲೆಂದೇ ಹೋಗಿದ್ದೆ. ಆದರೆ ಆ ಬೆಳಿಗ್ಗೆಯೇ ಇನ್‌ಸ್ಪೆಕ್ಟರ್ ಮತ್ತೆ ಬಂದು, 'ಫೆಬ್ರವರಿ 11ರಂದು ಎಲ್ಲ ಗಣಿತ ಮೇಷ್ಟ್ರುಗಳಿಗೂ ಸುತ್ತೋಲೆ ಹೋಗಿದೆ. ಫಲನ ಎಂದರೇನು ಅಂತ ಅದರಲ್ಲಿದೆ. ಈಜಿಪ್ಟಿನಿಂದ ಬಂದ ನಿಮ್ಮ ಮಿಸ್ರಿ ಮೇಷ್ಟ್ರು ತಲುಪಿದೆ ಅಂತ ಸಹಿ ಹಾಕಿದಾರೆ. ಸಹಿ ಹಾಕಿದವರು ಕಲಿಸಿರ್ತಾರೆ. ಅವರು ಕಲಿಸಿದ್ದಾರೆ ಅಂದ ಮೇಲೆ ನೀವು ಕದ್ದಿದ್ದೀರಿ' ಎಂದು ಹೋಗಿದ್ದರು. ರಿಜಿಸ್ಟರಿನಲ್ಲಿ ನಿಮ್ಮ ಸಹಿ ನಮಗೆ ತೋರಿಸಿದರು. ಹಾಗಾಗಿ ಒಲೆಗೆ ಹಾಕುವ ಮುಂಚೆ ಬಿಚ್ಚಿ ನೋಡಿದೆ.

ಒಳಗಿದ್ದದ್ದು ಅದೇ ಸುತ್ತೋಲೆ. ಪೂರ್ತಿ ಫ್ರೆಂಚಿನಲ್ಲಿದೆ. ಮೊದಲ ಸಾಲಿನ ಮೂರು ಪದಗಳ ಕೆಳಗೆ ಪೆನ್ಸಿಲಿನಲ್ಲಿ ಅರಬ್ಬಿ ಅರ್ಥ ಬರೆದಿದ್ದೀರಿ. ಮೂರಲ್ಲಿ ಎರಡು ತಪ್ಪು. ನಾಲ್ಕನೆಯದರ ಕೆಳಗೆ ಏನೂ ಇಲ್ಲ. ಅಲ್ಲಿಗೆ ಬಿಟ್ಟಿರಿ.

ನಾನು ಆ ಮೇಜಿನ ಹತ್ತಿರ ನೆಲದ ಮೇಲೆ ಕೂತೆ. ಸಿಟ್ಟು ಬಂತೋ ಅಳು ಬಂತೋ ಗೊತ್ತಿಲ್ಲ. ಆ ಕಾಗದವನ್ನು ನನ್ನ ಕೈಗೆ ಕೊಟ್ಟಿದ್ದರೆ ಕಾಲು ಗಂಟೆಯಲ್ಲಿ ಓದಿ ಹೇಳುತ್ತಿದ್ದೆ. ನಮ್ಮ ಮನೆಯ ಗೋಡೆಗೆ ಅಂಟಿಸಿದ ಹಳೇ ಪೇಪರೆಲ್ಲ ಫ್ರೆಂಚಿನದೇ. ಅಕ್ಷರ ಕಲಿತದ್ದೇ ಆ ಗೋಡೆಯಿಂದ.

ಕ್ರಾಂತಿಯ ದೇಶದಲ್ಲಿ ಅರಬ್ಬಿಯಲ್ಲೇ ಕಲಿಯಿರಿ ಎಂದು ಸಾರಿ, ಅರಬ್ಬಿ ಮೇಷ್ಟ್ರನ್ನು ನೈಲಿನ ದಂಡೆಯಿಂದ ಕರೆಸಿ, ಆಜ್ಞೆಯನ್ನು ಮಾತ್ರ ಫ್ರೆಂಚಿನಲ್ಲಿ ಕಳಿಸುವ ಸಾಹೇಬರುಗಳಿಗೆ ನಾನು ಯಾವ ಮಾತು ಹೇಳಲಿ? ಅವರ ಪಾಪ ಅವರಿಗಿರಲಿ. ಈಗ ನಿಮ್ಮ ಮಾತು.

ಸುತ್ತೋಲೆಯನ್ನು ಸಮಿತಿಗೆ ಕೊಡೋಣ ಎಂದು ಮಿಲೂದ್ ಹಟ ಹಿಡಿದ. ಅವನಿಗೆ ಎಷ್ಟು ಹೇಳಿದರೂ ತಿಳಿಯದು. ಇದು ಡ್ರಾಯರಿನಲ್ಲಿ ಸಿಕ್ಕಿತು ಎಂದರೆ ಪೆನ್ಸಿಲಿನಲ್ಲಿ ನಾವೇ ಗೀಚಿ ತಂದೆವು ಅನ್ನುತ್ತಾರೆ. ಓದಲಾಗಲಿಲ್ಲ ಎಂದು ನೀವೇ ಹೇಳದೆ ಈ ಪೆನ್ಸಿಲ್ ಗುರುತಿಗೆ ಬಾಯಿಲ್ಲ. ಹತ್ತೊಂಬತ್ತು ಜನ ಕೂತು ಮಾತಾಡಿದೆವು. ನಮ್ಮಲ್ಲಿ ಐದು ಜನ, ಮೇಷ್ಟ್ರ ಮಾನ ಹೋಗುವ ಕೆಲಸ ನಾವು ಮಾಡಬಾರದು, ಅವರೇ ಬರೆಯುತ್ತಾರೆ ಎಂದರು. ಹಾಗೆಂದವರಲ್ಲಿ ನಾನೂ ಒಬ್ಬಳು. ಉಳಿದವರನ್ನೆಲ್ಲ ಒಪ್ಪಿಸಿದವಳೂ ನಾನೇ.

ಇಲಾಖೆಯ ಮುದ್ರೆ ಬೇಡ. ತಂತಿ ಕೊಡಿ. 'ಸುತ್ತೋಲೆ ಓದಿಲ್ಲ, ಹಳೆಯದನ್ನೇ ಕಲಿಸಿದೆ.' ನಾಲ್ಕು ಪದ.

ಖೈರಾ


ಗಿರ್ಗಾ
20 ಸೆಪ್ಟೆಂಬರ್ 1976

ಖೈರಾ,

ನಿನ್ನ ಪತ್ರ ಬಂತು. ಅವತ್ತೇ ಕೂತು ಬರೆಯುತ್ತಿದ್ದೇನೆ.

ಹೌದು, ಓದಲಿಲ್ಲ. ನನಗೆ ಫ್ರೆಂಚ್ ಬರುವುದಿಲ್ಲ. ನಮ್ಮೂರಿನಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷು, ಅದೂ ಅಷ್ಟಕ್ಕಷ್ಟೆ. ಆ ಫೆಬ್ರವರಿಯ ದಿನ ಶಿಕ್ಷಕರ ಕೋಣೆಯಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ಭೌತಶಾಸ್ತ್ರದ ಬೂಅಲಾಂ ಸುತ್ತೋಲೆ ಹಂಚುತ್ತಿದ್ದ. ನಾನು ಮಡಚಿ ಜೇಬಿಗೆ ಹಾಕಿಕೊಳ್ಳುವುದನ್ನು ನೋಡಿ ಎಲ್ಲರಿಗೂ ಕೇಳುವಂತೆ, 'ಮಿಸ್ರಿ ಸಾಹೇಬ್ರಿಗೆ ಇದನ್ನ ಓದಿ ಹೇಳ್ಬೇಕಾ, ಇಲ್ಲ ನಿಮ್ಮ ರೇಡಿಯೋದವರ ಹಾಗೆ ಹಾಡಿ ಹೇಳ್ಬೇಕಾ?' ಎಂದ. ಎಂಟು ಜನ ನಕ್ಕರು. 'ಓದಿಯಾಯ್ತು' ಎಂದೆ. ಸಹಿ ಹಾಕಿದೆ. ಓದಿಯಾಯ್ತು ಎಂದ ಮೇಲೆ ಯಾರ ಹತ್ತಿರ ಹೋಗಿ ಕೇಳಲಿ? ನಿಘಂಟು ತೆಗೆದು ಎರಡು ದಿನ ಕೂತೆ. ಏನೋ ಪುಸ್ತಕದ ಪಟ್ಟಿ ಇರಬೇಕು ಎಂದುಕೊಂಡೆ.

ವಿದ್ಯಾರ್ಥಿಯ ಹತ್ತಿರ ಓದಿಸಿಕೊಳ್ಳುವುದೇ? ನನ್ನಪ್ಪ ನೈಲಿನ ಕೆಸರಿನಲ್ಲಿ ಇಟ್ಟಿಗೆ ಹೊಯ್ದು ನನ್ನನ್ನು ಓದಿಸಿದವನು. ಮೇಷ್ಟ್ರಾದವನು ಗೊತ್ತಿಲ್ಲ ಎಂದರೆ ಆ ಇಟ್ಟಿಗೆಗಳೆಲ್ಲ ಕುಸಿದವು ಎಂದೇ ನಾನು ತಿಳಿದದ್ದು.

ಈ ಪತ್ರದ ಜೊತೆ ಹೇಳಿಕೆ ಇಟ್ಟಿದ್ದೇನೆ. ನೀನು ಕೇಳಿದ್ದೆಲ್ಲ ಇದೆ. ಓದಿಲ್ಲ ಎಂದೂ ಇದೆ. ಸಹಿ, ತಾರೀಖು ಎರಡೂ ಇವೆ. ಅಂಚೆ ತಡವಾದರೆ ಅದು ನನ್ನ ಕೈಯಲ್ಲಿಲ್ಲ.

ಹೆಂಡತಿ ಈದಿಗೆ ಮಾಡಿದ ಕಹಕ್ ಬಿಸ್ಕತ್ತು ಡಬ್ಬಿಯಲ್ಲೇ ಮೆತ್ತಗಾಗುತ್ತಿವೆ. ನನಗೆ ಏನೂ ರುಚಿಸುತ್ತಿಲ್ಲ ಮಗಳೇ. ಕ್ಷಮಿಸು.

ಬಿಶ್ರಿ


ಐನ್ ಹಲ್ಫಾ
11 ನವೆಂಬರ್ 1976

ಉಸ್ತಾದರೇ,

ನಿಮ್ಮ ಪತ್ರ ಅಕ್ಟೋಬರ್ 30ಕ್ಕೆ ಕೈಸೇರಿತು. ಸಮಿತಿ 9ಕ್ಕೇ ಕೂತು, 9ಕ್ಕೇ ಎದ್ದಿತ್ತು. ಹತ್ತೊಂಬತ್ತು ಜನಕ್ಕೂ ಎರಡು ವರ್ಷ. ನಮ್ಮನ್ನು ಒಳಗೆ ಕರೆಯಲೂ ಇಲ್ಲ. ವಹ್ರಾನ್‌ನ ಆ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕೂತು, ತಂದಿದ್ದ ರೊಟ್ಟಿ ತಿಂದು, ಬಸ್ಸು ಹತ್ತಿದೆವು. 'ಮೇಷ್ಟ್ರೇ ಬರೀತಾರೆ ಅಂದೆಯಲ್ಲ' ಎಂದು ದಾರಿಯುದ್ದಕ್ಕೂ ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಪ್ಪ ಮಾತಿಗೆ ತಪ್ಪುವವನಲ್ಲ. ಮರುವಾರದಿಂದ ನಾನು ಅಂಗಳದಲ್ಲಿ ಅಮ್ಮನ ಪಕ್ಕ ಮೂಟೆ ಕಟ್ಟುತ್ತಿದ್ದೇನೆ. ಹಲ್ಫಾ ಹುಲ್ಲು ಬೆರಳ ಸಂದಿಯನ್ನು ಕುಯ್ಯುತ್ತದೆ. ಈ ಪತ್ರದಲ್ಲಿ ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಇನ್ನು ನಿಮ್ಮ ತಾರೀಖು. ಸೆಪ್ಟೆಂಬರ್ 20 ಎಂದು ಬರೆದಿದ್ದೀರಿ. ಅವತ್ತು ರಂಜಾನ್ ಇನ್ನೂ ಮುಗಿದಿರಲಿಲ್ಲ. ಉಪವಾಸದ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಈದಿನ ಕಹಕ್ ಡಬ್ಬಿಯಲ್ಲಿ ಕೂತು ಮೆತ್ತಗಾಗಿತ್ತೇ? ಲಕೋಟೆ ತಿರುಗಿಸಿ ನೋಡಿದೆ. ಗಿರ್ಗಾದ ಮುದ್ರೆ: 12 ಅಕ್ಟೋಬರ್.

ಲಖ್ದರ್‌ನ ಹತ್ತಿರ ಹೋಗಿ ಕೇಳಿದೆ. 'ನಿಮ್ಮ ಉಸ್ತಾದರ ಪ್ರಮಾಣಪತ್ರ ಸೆಪ್ಟೆಂಬರ್ 23ಕ್ಕೆ ಇಲ್ಲಿಂದ ಹೋಯ್ತಲ್ಲ. ಈಗ ತಲುಪಿರ್ಬೇಕು. ಯಾಕೆ, ಥ್ಯಾಂಕ್ಸ್ ಅಂತ ಬರೆದಿಲ್ವಾ?' ಎಂದ. ಅವನು ನಗಲಿಲ್ಲ.

'ಯಾವ ದೂರೂ ಇಲ್ಲ' ಎಂಬ ಕಾಗದ ನಿಮ್ಮ ಕೈಗೆ ಬಂತು. ಆಮೇಲೆ ನಿಮಗೆ ನಿಜ ಬರೆಯಲು ಧೈರ್ಯ ಬಂತು. ಆ ಕಾಗದಕ್ಕಾಗಿ ಎರಡು ಸಲ ಓಡಾಡಿದವಳು ನಾನು.

ಬೂಅಲಾಂ ನಕ್ಕದ್ದಕ್ಕೆ ನಿಮಗೆ ನೋವಾಯಿತು, ನಂಬುತ್ತೇನೆ. ಎಂಟು ಜನ ನಕ್ಕರು ಎಂದು ನೀವು ಲೆಕ್ಕ ಇಟ್ಟಿದ್ದೀರಿ. ಇಲ್ಲಿ ಹತ್ತೊಂಬತ್ತು ಜನ ಕಳ್ಳರಾದರು. ಇಟ್ಟಿಗೆ ಹೊಯ್ದ ನಿಮ್ಮಪ್ಪನ ಮಾನ ಉಳಿಸಲು ಮೂಟೆ ಕಟ್ಟುವ ನನ್ನಮ್ಮನ ಮಗಳನ್ನು ಕೊಟ್ಟಿರಿ. ಬಡವರ ಮಾನವನ್ನು ಬಡವರ ಲೆಕ್ಕದಲ್ಲೇ ಕಳೆಯುವುದನ್ನು ಸಾಹೇಬರುಗಳು ನಮಗೆ ಚೆನ್ನಾಗಿ ಕಲಿಸಿದ್ದಾರೆ.

ಇನ್ನೊಂದು ವಿಷಯ. ಹೋದ ವಾರ ಇಲಾಖೆಯವರು ಜಿಲ್ಲೆಯ ಫಲಿತಾಂಶ ಅಚ್ಚು ಹಾಕಿಸಿದರು. ನಮ್ಮ ಶಾಲೆ ಮೊದಲನೆಯದು. ಪರೀಕ್ಷೆಗೆ ಕೂತವರು ಹನ್ನೆರಡು, ಪಾಸಾದವರು ಹನ್ನೊಂದು. ಗೇಟಿಗೆ ಬಾವುಟ ಕಟ್ಟಿದ್ದರು. ನಾವು ಹತ್ತೊಂಬತ್ತು ಜನ ಫೇಲೂ ಆಗಿಲ್ಲ ಉಸ್ತಾದರೇ, ನಾವು ಕೂತೇ ಇರಲಿಲ್ಲ. ಆ ಕಾಗದ ಓದಿದಾಗ ಅವರ ಫಲನ ನನಗೆ ಪೂರ್ತಿ ಅರ್ಥವಾಯಿತು. ಜೋಡಿ ಸಿಗದವನನ್ನು ಕ್ಷೇತ್ರದಿಂದ ತೆಗೆದುಹಾಕು, ಉಳಿದದ್ದಕ್ಕೆ ನಕ್ಷೆ ಬರೆ. ನಕ್ಷೆ ಚೆಂದವಾಗಿಯೇ ಬರುತ್ತದೆ.

ನಿಮ್ಮ ವ್ಯಾಖ್ಯೆಯಲ್ಲಿ ಒಬ್ಬನೇ ಒಬ್ಬ ಹೊರಗುಳಿದರೂ ಇಡೀ ಸಂಬಂಧ ಬಿದ್ದುಹೋಗುತ್ತದೆ. ಅದನ್ನು ನಂಬಿ ಕೆಟ್ಟೆವು. ಆದರೂ ಈಗ ಯಾರಾದರೂ ನನ್ನನ್ನು ಕೇಳಿದರೆ ಅದೇ ಮೂರು ಸಾಲು ಬರೆಯುತ್ತೇನೆ, ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಸರಿಯಾದದ್ದನ್ನು ಕಲಿಸಿದಿರಿ. ಕಲಿಸಿದೆ ಎಂದು ಹೇಳಲು ಮಾತ್ರ ನಿಮಗೆ ಆಗಲಿಲ್ಲ.

ಡಿಸೆಂಬರ್ 20ರ ಒಳಗೆ ಮೇಲ್ಮನವಿ ಹಾಕಬಹುದು. ವಹ್ರಾನ್‌ನ ರೈಲ್ವೆ ಯೂನಿಯನ್ನಿನ ಒಬ್ಬ ವಕೀಲನನ್ನು ಮಿಲೂದ್ ಹಿಡಿದಿದ್ದಾನೆ. ವಕೀಲ ನಿಮ್ಮ ಹೇಳಿಕೆ ನೋಡಿ, 'ಇದು ಚಿನ್ನ. ಆದರೆ ಲಕೋಟೆಯ ಮುದ್ರೆ ಒಂದು ಹೇಳುತ್ತೆ, ಒಳಗಿನ ತಾರೀಖು ಇನ್ನೊಂದು ಹೇಳುತ್ತೆ. ಒಂದು ಸುಳ್ಳು ಕಂಡರೆ ಉಳಿದ ನಿಜವನ್ನೂ ಅವರು ಕಸದ ಬುಟ್ಟಿಗೆ ಹಾಕ್ತಾರೆ' ಎಂದ.

ಅದಕ್ಕೇ ಹೇಳಿಕೆಯನ್ನು ವಾಪಸು ಕಳಿಸುತ್ತಿದ್ದೇನೆ. ಸೆಪ್ಟೆಂಬರ್ 20 ಹೊಡೆದುಹಾಕಿ. ಅಕ್ಟೋಬರ್ 12 ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿ. ಯಾಕೆ ತಡವಾಯಿತು ಎಂದು ಬರೆಯಲು ಕೆಳಗೆ ಎರಡು ಸಾಲಿನ ಜಾಗವಿದೆ. ಬರೆದರೆ ಕುವೈತಿನವರಿಗೂ ಒಂದು ದಿನ ಗೊತ್ತಾಗಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ.

ನಿಮ್ಮ ಕೋಲು ನನ್ನ ಹತ್ತಿರ ಇದೆ. ಅಂಗಳದಲ್ಲಿ ಊಟದ ಹೊತ್ತಿಗೆ ಮೂವರು ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತಿದ್ದೇನೆ, ನೆಲದ ಮೇಲೆ ಅದರಲ್ಲೇ ಗೀಚಿ. ಅದನ್ನು ಕೇಳಬೇಡಿ, ಕಳಿಸುವುದಿಲ್ಲ.

ಬಾಗಿಲು ತಟ್ಟಿದ್ದೇನೆ ಉಸ್ತಾದರೇ. ಒಳಗಿರುವುದು ಮನೆಯೋ ಗೋರಿಯೋ, ಡಿಸೆಂಬರ್ 20ರೊಳಗೆ ಗೊತ್ತಾಗಬೇಕು.

ಖೈರಾ ಬೆಂಸಹ್ಲಾ
ಹಲ್ಫಾ ಅಂಗಳ, ಐನ್ ಹಲ್ಫಾ